ನೋಡತಕ್ಕದ್ದೇನೂ ಇಲ್ಲ

ಬರ್ವಿ
ಭಾನುವಾರ, ಮಾರ್ಚ್ ೧೮, ೧೯೨೩

ಅಮ್ಮಾ,

ಕೆಲ್‌ಹೇವನ್ ಊರನ್ನು ಸಮುದ್ರ ನುಂಗಲಿಲ್ಲ. ಊರಿನ ಎದುರು ಕಡಲಿಗೆ ಅಡ್ಡವಾಗಿ ಮಲಗಿದ್ದ ಸುಣ್ಣಗಲ್ಲಿನ ದಿಣ್ಣೆಯನ್ನು ಜಮೀನ್ದಾರ ಹನ್ನೊಂದು ವರ್ಷ ಒಡೆಸಿದ. ಸುಟ್ಟು ಸುಣ್ಣ ಮಾಡಿ ತನ್ನ ಹೊಲಗಳಿಗೆ ಚೆಲ್ಲಿಸಿದ. ಅಡ್ಡ ಇದ್ದದ್ದು ಹೋದ ಮೇಲೆ ಒಂದೇ ಬಿರುಗಾಳಿ ಸಾಕಾಯಿತು. ಇಪ್ಪತ್ತೇಳು ಮನೆ ಹೋದವು. ಜಮೀನ್ದಾರನ ಹೊಲದಲ್ಲಿ ಆ ವರ್ಷವೂ ಬಾರ್ಲಿ ಚೆನ್ನಾಗಿಯೇ ಬಂತು. ಇದು ನಡೆದು ನೂರಿಪ್ಪತ್ತೈದು ವರ್ಷವಾದರೂ ಇದನ್ನು ಅನ್ಯಾಯ ಎಂದು ಯಾರೂ ಬರೆದಿಲ್ಲ. ಈಗ ನಾನು ಬರೆಯುತ್ತಿದ್ದೇನೆ.

ಹದಿನಾರು ತಿಂಗಳ ಮೇಲೆ ಕಾಗದ ಹಾಕಿದ ಮಗಳು ಕ್ಷೇಮ ಕೇಳದೆ ಜಮೀನ್ದಾರನಿಂದ ಶುರುಮಾಡಿದಳು ಎಂದು ಮಡಚಿ ಇಟ್ಟುಬಿಡಬೇಡ. ನಾನು ಚೆನ್ನಾಗಿದ್ದೇನೆ. ಗಿರಣಿಯ ನಾರಿನ ಧೂಳಿಗೆ ಎಲ್ಲರಿಗೂ ಬರುವಷ್ಟು ಕೆಮ್ಮು ನನಗೂ ಇದೆ, ಹೆಚ್ಚಿಲ್ಲ. ಈ ಚಳಿಗೆ ನಿನ್ನ ಬೆರಳಿನ ಬಿರುಕು ಹೇಗಿದೆ? ಅಪ್ಪನ ಮೊಣಕಾಲು? ಬರ್ವಿಯಿಂದ ನಮ್ಮ ಗೂರ್ಡನ್ನಿಗೆ ನಡೆದರೆ ಅರ್ಧ ಗಂಟೆ. ಅಷ್ಟು ದೂರಕ್ಕೆ ಅಂಚೆಚೀಟಿ ಅಂಟಿಸುತ್ತಿದ್ದೇನೆ. ನನ್ನ ಜೊತೆ ಕೋಣೆಯಲ್ಲಿರುವ ಬೆಲ್, "ಕಿಟಕಿ ತೆಗೆದು ಒಂದು ಕೂಗು ಹಾಕಿದ್ರೆ ನಿಮ್ಮಮ್ಮನಿಗೆ ಕೇಳಿಸತ್ತಲ್ಲೇ, ಆ ಪೋಸ್ಟ್‌ಮ್ಯಾನ್ ಕಾಲು ಯಾಕೆ ಸವೆಸ್ತೀಯ?" ಎಂದು ನಗುತ್ತಾಳೆ. ಕೂಗಿ ಹೇಳುವಂಥ ವಿಷಯವಾಗಿದ್ದರೆ ಕೂಗುತ್ತಿದ್ದೆ.

ಮೊದಲು ನೀನೊಬ್ಬಳೇ ಕೊನೆಯವರೆಗೆ ಓದು. ಆಮೇಲೆ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ಒಂದು ಸಾಲನ್ನೂ ಬಿಡಬೇಡ.

ಬರ್ವಿ ಶಾಲೆಯಲ್ಲಿದ್ದ ಡೂಥಿ ಮೇಷ್ಟ್ರು ನಿನಗೆ ಗೊತ್ತು. ಬುಧವಾರ ನಿನ್ನ ಹತ್ತಿರ ಹೊಗೆಯಲ್ಲಿ ಒಣಗಿಸಿದ ಹ್ಯಾಡಕ್ ಮೀನು ತೆಗೆದುಕೊಳ್ಳುವವರು, ಪ್ರತಿ ಸಲವೂ ಬಾಲದ ಕಡೆಯ ತುಂಡನ್ನೇ ಕೇಳುವವರು. ಅವರ ಎರಡು ಕಣ್ಣಿಗೂ ಪೊರೆ ಬಂದಿದೆ. ಅವರು ಹದಿನೆಂಟು ವರ್ಷ ಕೂತು ಬರೆದ ಪುಸ್ತಕ ಈಗ ಅಚ್ಚಾಗುತ್ತಿದೆ: 'ಕಿಂಕಾರ್ಡಿನ್ ಸೀಮೆಯ ಚರಿತ್ರೆ ಮತ್ತು ಮುಖ್ಯ ಊರುಗಳು'. ಅಚ್ಚಿನ ಕರಡು ಬಂದಾಗ ಗಟ್ಟಿಯಾಗಿ ಓದಿ ಹೇಳಲು ಒಬ್ಬರು ಬೇಕಾಗಿತ್ತು. ಅವರ ಓದುಕೋಣೆಯಿಂದ ಪುಸ್ತಕ ಒಯ್ದು ಸಮಯಕ್ಕೆ ಸರಿಯಾಗಿ ತಂದುಕೊಡುವವಳು ನಾನೊಬ್ಬಳೇ ಅಂತೆ. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟ ಮೇಲೆ ಹೋಗಿ ಓದುತ್ತೇನೆ. ನನ್ನ ಕರಪತ್ರಗಳಲ್ಲಿ ಎಲ್ಲವೂ 'ಜನತೆ', 'ಶ್ರಮಿಕರು' ಎಂದು ಇರುತ್ತದೆ. ಅವರ ಪುಸ್ತಕದಲ್ಲಿ ಪ್ರತಿಯೊಂದು ಮೋರಿಗೂ ಕಟ್ಟಿಸಿದವನ ಹೆಸರಿದೆ. ಆ ಹೆಸರುಗಳು ನನಗೆ ಹಿಡಿಸಿದವು ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ಯಾರ ಹೆಸರು? ನಮ್ಮ ಸೀಮೆಗೆ ಹೆಸರು ಕೊಟ್ಟ ಕಿಂಕಾರ್ಡಿನ್ ಪಟ್ಟಣವೇ ಈಗ ಇಲ್ಲ. ಒಂದು ಕೋಟೆಯ ಬುಡ, ಕೆಲವು ಗೋರಿ, ಮಿಕ್ಕಿದ್ದು ಹುಲ್ಲು. ಆ ಇಲ್ಲದ ಪಟ್ಟಣಕ್ಕೆ ಆರು ಪುಟ, ಏಕೆಂದರೆ ಅಲ್ಲಿಗೆ ರಾಜರು ಬೇಟೆಗೆ ಬರುತ್ತಿದ್ದರು. ಸ್ಟೋನ್‌ಹೇವನ್ನಿಗೆ ಒಂಬತ್ತು ಪುಟ. ಡನಾಟರ್ ಕೋಟೆಗೆ ಹನ್ನೆರಡು. ಕೋಟೆಗೆ ಮುತ್ತಿಗೆ ಬಿದ್ದಾಗ ರಾಜಕಿರೀಟವನ್ನು ಕಡಲಪಾಚಿಯ ಬುಟ್ಟಿಯಲ್ಲಿ ಅಡಗಿಸಿ ತಂದ ಕಥೆಯೂ ಅದರಲ್ಲಿದೆ. ಪಾದ್ರಿಯ ಹೆಂಡತಿಯ ಹೆಸರಿದೆ, ಕೋಟೆಯ ಅಧಿಕಾರಿಯ ಹೆಸರಿದೆ. ಬುಟ್ಟಿ ಹೊತ್ತ ಕೆಲಸದವಳ ಹೆಸರಿಲ್ಲ. ಓದುವುದನ್ನು ನಿಲ್ಲಿಸಿ ಕೇಳಿದೆ.

"ಸಿಗಲಿಲ್ಲಮ್ಮ" ಅಂದರು ಮೇಷ್ಟ್ರು.

"ಹುಡುಕಿದ್ರಾ?"

"ಕಿರೀಟದ ಬಗ್ಗೆ ಹುಡುಕಿದೆ" ಅಂದು, ತಮ್ಮ ಮಾತಿಗೆ ತಾವೇ ನಾಚಿ ಕೆಮ್ಮಿದರು.

ಹೋದ ವಾರ ನಲವತ್ತೊಂದನೇ ಪುಟ ಬಂತು. ಗೂರ್ಡನ್ನಿಗೆ ಅರ್ಧ ಪುಟ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು. ಬಾಯಿಪಾಠವಾಗಿದೆ, ಕೇಳು: 'ಕೆಲ್‌ಹೇವನ್. ಹಿಂದೆ ಮೀನುಗಾರರ ಹಳ್ಳಿಯಾಗಿತ್ತು. ೧೭೯೮ರ ಬಿರುಗಾಳಿಯಲ್ಲಿ ಸಮುದ್ರವು ಇದನ್ನು ನುಂಗಿತು. ಈಗ ಇಲ್ಲಿ ನೋಡತಕ್ಕದ್ದೇನೂ ಇಲ್ಲ.'

ಅಮ್ಮಾ, ನಿನ್ನ ತವರಿನವರು ಅಲ್ಲಿಂದ ಒದ್ದೆ ಬಟ್ಟೆಯಲ್ಲಿ ಎದ್ದು ಬಂದವರು. ಗೋವನ್ ಮನೆತನಕ್ಕೆ ಸಿಕ್ಕಿದ್ದು ಮೂರು ಸಾಲು, ಅದರಲ್ಲೂ ಒಂದು ಸುಳ್ಳು. ನಾನು ಕರಡನ್ನು ಮೇಜಿಗೆ ಬಡಿದೆ. ಮೇಷ್ಟ್ರ ಚಹಾ ಉರುಳಿತು.

"ಇನ್ನೂರನೇ ಪುಟದ ಮೇಲೆ ಬಿತ್ತು" ಅಂದರು ಅವರು, ಕಣ್ಣಿಗೆ ಹತ್ತಿರ ಹಿಡಿದು ನೋಡಿ. "ಹೋಗ್ಲಿ ಬಿಡು, ಅಲ್ಲಿ ಇರೋದು ಜಮೀನ್ದಾರರ ಮದುವೆ ವಿಷಯ. ಈಗ ಹೇಳು, ನಾನು ಮಾಡಿದ ತಪ್ಪೇನು?"

ಎಲ್ಲ ಹೇಳಿದೆ. ಊರಿನವರು ಹೇಳುವುದು, ಅಜ್ಜಿ ಅರ್ಧಕ್ಕೇ ನಿಲ್ಲಿಸುತ್ತಿದ್ದದ್ದು, ಆ ಕಲ್ಲು ಸುಟ್ಟ ಸುಣ್ಣದ ಗೂಡು ಇವತ್ತಿಗೂ ದಡದ ಮೇಲೆ ಬಾಯಿ ತೆರೆದು ನಿಂತಿರುವುದು. ಅವರು ನಕ್ಕು ತಳ್ಳಿಹಾಕಲಿಲ್ಲ.

"ನೀನು ಹೇಳೋದು ನಿಜ ಇರಬಹುದು. ನನಗೂ ಒಂದು ಅನುಮಾನ ಇತ್ತು. ಆದ್ರೆ ಬಾಯಿಮಾತಿನ ಮೇಲೆ ನಾನು ಅಚ್ಚು ಹಾಕಿಸಿದ್ರೆ ಜಮೀನ್ದಾರರ ದೊಡ್ಡಮನೆಯವರು ವಕೀಲರನ್ನ ಕಳಿಸ್ತಾರೆ. ಮೀನುಗಾರರ ಕೈಬರಹ ಒಂದು ಸಾಲು ತಂದುಕೊಡು. ಹಾಕ್ತೀನಿ. ಕಣ್ಣು ಹೋದ ಮೇಲೆ ಇನ್ಯಾರಿಗೆ ಹೆದರಲಿ?"

ತಿದ್ದಿದ ಕರಡು ಬರುವ ಶನಿವಾರ ನಾಲ್ಕು ಗಂಟೆಯ ರೈಲಿಗೆ ಮುದ್ರಣಾಲಯಕ್ಕೆ ಹೋಗುತ್ತದೆ. ಹೋದ ಮೇಲೆ ಮುಗಿಯಿತು. ಸೀಮೆಯ ಎಲ್ಲ ಶಾಲೆಗೂ ಆ ಪುಸ್ತಕ ಹೋಗುತ್ತದೆ. ಗೂರ್ಡನ್ನಿನ ಮಕ್ಕಳು 'ನೋಡತಕ್ಕದ್ದೇನೂ ಇಲ್ಲ' ಎಂದು ಗಟ್ಟಿಯಾಗಿ ಓದಿ ಬಾಯಿಪಾಠ ಒಪ್ಪಿಸುತ್ತಾರೆ.

ಕೈಬರಹ ನಿನ್ನ ಹತ್ತಿರ ಇದೆ. ಅಜ್ಜಿಯ ಬೈಬಲ್. ಅದರ ಮೊದಲ ಹಾಳೆಯಲ್ಲಿ ಗೋವನ್‌ರ ಹುಟ್ಟು, ಮದುವೆ, ಸಾವು. ಎರಡನೇ ಹಾಳೆಯ ಮೇಲೆ ಸಕ್ಕರೆ ಕಟ್ಟುವ ನೀಲಿ ಕಾಗದ ಅಂಟಿಸಿದೆ. ಎಂಟು ವರ್ಷದವಳಿದ್ದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದೆ. ಹಿಂದಿನಿಂದ ಎರಡು ಮಾತು ಕಾಣಿಸಿತು: 'ನಮ್ಮ ಕೈಯಾರೆ'. ಮೂರನೆಯದನ್ನು ಓದುವ ಮೊದಲು ನಿನ್ನ ಕೈ ನನ್ನ ಕೆನ್ನೆಗೆ ಬಿತ್ತು. ಗಾಳಕ್ಕೆ ಚುಚ್ಚುವ ಪಚ್ಚಿಲೆ ಚಿಪ್ಪಿನ ವಾಸನೆಯ ಒದ್ದೆ ಕೈ. ನೀನು ಮಕ್ಕಳಿಗೆ ಹೊಡೆಯುವವಳಲ್ಲ. ಅದಕ್ಕೇ ನೆನಪಿದೆ.

ಆ ಬೈಬಲ್ ತಾ ಎಂದು ಕೇಳುವುದೇ ಈ ಕಾಗದದ ಕೆಲಸ. ಕಳೆದ ಭಾನುವಾರವೇ ಬರೆದಿದ್ದರೆ ಇಲ್ಲಿಗೇ ಮುಗಿಸುತ್ತಿದ್ದೆ. ಸಹಿ ಮೇಲೆ 'ಅನ್ಯಾಯದ ವಿರುದ್ಧ' ಎಂದೋ ಏನೋ ಬರೆದು, ನಿನ್ನೆದುರು ನಾನೇ ದೊಡ್ಡವಳಾಗಿ ನಿಂತುಬಿಡುತ್ತಿದ್ದೆ. ಒಳ್ಳೆಯದಾಯಿತು, ಬರೆಯಲಿಲ್ಲ.

ನಿನ್ನೆ ಮಧ್ಯಾಹ್ನ ಹೋದಾಗ ಮೇಷ್ಟ್ರು ಅಟ್ಟದಿಂದ ಒಂದು ಕಟ್ಟು ಇಳಿಸಿಟ್ಟಿದ್ದರು. ಕೆಲ್‌ಹೇವನ್ ಇದ್ದ ಕಾಲದ ಪಾದ್ರಿಯೊಬ್ಬನ ಕಾಗದಗಳ ನಕಲು. ಅವರು ಓದಲಾರರು, ನಾನು ಓದಿದೆ. ಮೊದಲನೆಯದು ಜಮೀನ್ದಾರನ ಪಾರುಪತ್ಯಗಾರನಿಗೆ ಬರೆದದ್ದು. ದಿಣ್ಣೆ ಒಡೆಯುವುದನ್ನು ನಿಲ್ಲಿಸಿ, ಅದೇ ಈ ಬಡವರ ಗೋಡೆ ಎಂದು ಬೇಡಿಕೊಂಡಿದ್ದಾನೆ. ಕಲ್ಲು ಒಡೆಯಲು ಬಾರದವರ ಮನೆ ಬಿಡಿಸುತ್ತೇನೆಂದು ಹೆದರಿಸಿದ್ದೀರಿ ಎಂದು ಬರೆದಿದ್ದಾನೆ. ಓದುತ್ತ ಓದುತ್ತ ನನ್ನ ದನಿ ಏರಿತು. ಸಾಕ್ಷಿ ಸಿಕ್ಕಿತು ಅಂದುಕೊಂಡೆ.

ಆಮೇಲಿನ ಸಾಲು ಇದು: 'ಆದರೆ ಈ ಜನರೂ ನನ್ನ ಮಾತು ಕೇಳುವುದಿಲ್ಲ. ಅವರ ಮುಂದಾಳು, ಅಲೆಕ್ಸಾಂಡರ್ ಗೋವನ್ ಎಂಬ ದೋಣಿಯವನು, ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದು ಹೋಗುತ್ತಾನೆ. ಸಮುದ್ರ ಇಲ್ಲಿಯವರೆಗೆ ಬಂದದ್ದನ್ನು ತನ್ನ ಅಜ್ಜನೂ ಕಂಡಿಲ್ಲವೆಂದು ನಗುತ್ತಾನೆ. ಮೀನು ಸಿಗದ ಚಳಿಗಾಲದಲ್ಲಿ ಈ ಕಲ್ಲೇ ನಮಗೆ ಮೀನು ಎನ್ನುತ್ತಾನೆ.'

ನಾನು ನಿಲ್ಲಿಸಿದೆ.

"ಗೋವನ್ ಅಂದ್ರೆ ನಿಮ್ಮಮ್ಮನ ಕಡೆಯವರಲ್ವಾ?" ಅಂದರು ಮೇಷ್ಟ್ರು, ಮೆತ್ತಗೆ.

ನಾನು ಆಗ ಹೇಳಿದ್ದನ್ನು ನಿನ್ನಿಂದ ಬಚ್ಚಿಡಬಹುದು. ಬಚ್ಚಿಡುವುದಿಲ್ಲ. "ಜಮೀನ್ದಾರನದು ಮಾತ್ರ ಹಾಕಿ ಮೇಷ್ಟ್ರೇ" ಅಂದೆ. "ಗೋವನ್ ಹೆಸರು ಬಿಟ್ಟುಬಿಡಿ. ಬಡವನ ಕೈ ತಿರುಚಿ ಮಾಡಿಸಿದ್ದು ಅದು, ಅವನ ತಪ್ಪು ಹೇಗಾಗತ್ತೆ? ಓದೋರು ಅವನನ್ನೇ ಬಯ್ತಾರೆ, ದೊಡ್ಡಮನೆಯವರು ನುಣುಚಿಕೊಳ್ತಾರೆ."

ಅವರು ಕಾಗದದ ಕಟ್ಟನ್ನು ನನ್ನ ಕಡೆ ಸರಿಸಿದರು. "ಅಲ್ಲ ಕಣಮ್ಮ, ಹೋದ ವಾರ ನನ್ನ ಚಹಾ ಚೆಲ್ಲಿದ್ದು ಯಾಕೆ ಹಾಗಾದ್ರೆ? ನಾನೂ ಇಷ್ಟೇ ಮಾಡಿದ್ದು. ನನಗೆ ಬೇಕಾದವರ ಹೆಸರು ಬಿಟ್ಟೆ."

ನಾನು ಆ ಕಾಗದವನ್ನು ಮಡಚಿ ಕಟ್ಟಿಗೆ ಸೇರಿಸಹೊರಟೆ.

"ಇನ್ನೊಂದು ಕಾಗದ ಇದೆ, ಅದನ್ನೂ ಓದು" ಅಂದರು. ಅದು ಊರು ಹೋದ ಮರುವರ್ಷದ್ದು. ಪಾದ್ರಿ ತನ್ನ ತಮ್ಮನಿಗೆ ಬರೆದದ್ದು. ಬಿರುಗಾಳಿಯಲ್ಲಿ ಗೋವನ್ನನ ನಾಲ್ಕು ವರ್ಷದ ಮಗಳು ಹೋದಳಂತೆ. ಅಂದಿನಿಂದ ಅವನು ಸಮುದ್ರ ಇಳಿತದ ಹೊತ್ತಿಗೆ ಬೆನ್ನುಬುಟ್ಟಿ ಹೊತ್ತು ಗೂಡಿನ ಹತ್ತಿರ ಹೋಗುತ್ತಾನಂತೆ. ಸುಡದೆ ಉಳಿದ ಬಿಳಿ ಕಲ್ಲುಗಳನ್ನು ಆರಿಸಿ, ನೀರಿನ ಅಂಚಿಗೆ ಇಳಿದು, ದಿಣ್ಣೆ ಇದ್ದ ಜಾಗದಲ್ಲಿ ಒಂದೊಂದಾಗಿ ಇಟ್ಟು ಬರುತ್ತಾನಂತೆ. ಹೋಗುವಾಗಲೂ ಬರುವಾಗಲೂ ಯಾರೊಂದಿಗೂ ಮಾತಾಡುವುದಿಲ್ಲವಂತೆ. 'ಜನ ನಗುತ್ತಾರೆ. ನೀನು ಸಾವಿರ ವರ್ಷ ಹೊತ್ತರೂ ಸಾಲದು ಎಂದು ಹೇಳುವ ಧೈರ್ಯ ನನಗಿಲ್ಲ' ಎಂದು ಕಾಗದ ಮುಗಿಯುತ್ತದೆ.

ಅಮ್ಮಾ, ನಾನು ಕಾಗದ ಕೆಳಗಿಟ್ಟು ಮುಖ ಮುಚ್ಚಿಕೊಂಡೆ. ಮೇಷ್ಟ್ರಿಗೆ ಕಾಣಿಸುವುದಿಲ್ಲ ಎಂಬುದೊಂದೇ ಸಮಾಧಾನ.

ತಿಂಗಳಿಗೊಂದು ಶನಿವಾರ, ಇಳಿತ ಮಧ್ಯಾಹ್ನಕ್ಕೆ ಬೀಳುವ ದಿನ, ನೀನು ಬುಟ್ಟಿ ಬೆನ್ನಿಗೆ ಹಾಕಿ ಬರ್ವಿ ದಾಟಿ ಕೆಲ್‌ಹೇವನ್ನಿಗೆ ನಡೆಯುತ್ತೀಯ, ಗೂಡಿನ ಬಿಳಿ ಕಲ್ಲು ಆರಿಸಿ ನೀರಿನಂಚಿನಲ್ಲಿ ಇಟ್ಟು ಬರುತ್ತೀಯ. ಅಜ್ಜಿಯೂ ನಡೆಯುತ್ತಿದ್ದಳು. ಐದು ವರ್ಷದವಳಿಂದ ನಾನೂ ನಿನ್ನ ಲಂಗ ಹಿಡಿದು ನಡೆದೆ. ಯಾಕೆ ಎಂದು ಕೇಳಿದರೆ "ಗೋವನ್ ಹೆಂಗಸರು ಮಾಡ್ಕೊಂಡು ಬಂದಿದ್ದು" ಎಂದಷ್ಟೇ ನೀನು ಹೇಳುತ್ತಿದ್ದೆ. ಬಿಳಿ ಕಲ್ಲೆಂದರೆ ನಮ್ಮ ಊರಿನ ಗಂಡಸರಿಗೆ ಭಯ. ದೋಣಿ ಹೊಯ್ದಾಡದಿರಲೆಂದು ತಳಕ್ಕೆ ತುಂಬುವ ಕಲ್ಲಿನಲ್ಲಿ ಒಂದೇ ಒಂದು ಬಿಳಿಯದಿದ್ದರೂ ದೋಣಿ ಮುಳುಗುತ್ತದೆ ಎನ್ನುತ್ತಾರೆ. ಇದೂ ಅಂಥದ್ದೇ ಇನ್ನೊಂದು ಮೂಢನಂಬಿಕೆ ಎಂದುಕೊಂಡೆ. ಹತ್ತೊಂಬತ್ತು ತುಂಬಿದಾಗ ಮಾಂಟ್ರೋಸ್ ಸಂತೆಯಲ್ಲಿ ಒಂದು ಕರಪತ್ರ ಸಿಕ್ಕಿತು. ಭಯವೇ ಬಡವರ ಬೇಡಿ ಎಂದು ಅದರಲ್ಲಿತ್ತು. ಮರು ತಿಂಗಳು ನೀನು ಬುಟ್ಟಿ ಕೊಟ್ಟಾಗ ನೆಲಕ್ಕೆ ಹಾಕಿದೆ. ನಿನ್ನನ್ನು ದಡ್ಡಿ ಎಂದೆ. ಸಮುದ್ರಕ್ಕೆ ಕಲ್ಲು ಉಣಿಸುವ ಹುಚ್ಚಿ ಎಂದೆ. ನೀನು ಬಯ್ಯಲಿಲ್ಲ. "ನಾವು ಬೇಡದ ಜಾಗ ಎಲ್ಲಾದರೂ ಇದ್ದರೆ ಅಲ್ಲಿಗೆ ಹೋಗಿ ಇರು" ಎಂದೆ ನೀನು. ನಾನು ಬರ್ವಿಗೆ ಬಂದೆ.

ಒಂದು ವಿಷಯ ನಿನಗೆ ಗೊತ್ತಿಲ್ಲ. ನನ್ನ ಕೋಣೆಯ ಕಿಟಕಿ ಕೆಲ್‌ಹೇವನ್ ರಸ್ತೆಗೇ ತೆರೆಯುತ್ತದೆ. ಈ ಹದಿನಾರು ತಿಂಗಳಲ್ಲಿ ಹನ್ನೊಂದು ಸಲ ನೀನು ಹೋಗುವುದನ್ನು ನೋಡಿದೆ. ಪರದೆಯ ಹಿಂದೆ ನಿಂತು ನೋಡಿದೆ. ಜನವರಿಯಲ್ಲಿ ಹಿಮದ ಮೇಲೆ ನಿನ್ನ ಕಾಲು ಜಾರಿ ಮಂಡಿಯೂರಿದೆಯಲ್ಲ, ಆಗ ನಾನು ಹೊಸಿಲವರೆಗೆ ಬಂದಿದ್ದೆ. ಅಷ್ಟರಲ್ಲಿ ನೀನೇ ಎದ್ದೆ. ನಾನು ಬಾಗಿಲು ತೆಗೆಯಲಿಲ್ಲ. ಬೆಲ್ ಅಂದಳು, "ಊರಿನ ಬಡವರನ್ನೆಲ್ಲ ಎಬ್ಬಿಸಿ ನಿಲ್ಲಿಸ್ತೀನಿ ಅಂತೀಯಲ್ಲ, ಬಿದ್ದ ನಿಮ್ಮಮ್ಮನ್ನ ಎಬ್ಬಿಸಕ್ಕೆ ಏನು ಬಂದಿತ್ತೇ?" ಅವಳ ಜೊತೆ ಎರಡು ದಿನ ಮಾತು ಬಿಟ್ಟೆ.

ನೀಲಿ ಕಾಗದದ ಕೆಳಗಿರುವುದು ಏನೆಂದು ಈಗ ನನಗೆ ಅಂದಾಜಿದೆ. ನಮ್ಮ ಕೈಯಾರೆ ನಮ್ಮ ಗೋಡೆ ಒಡೆದೆವು. ಅದನ್ನು ನೀನು ನಾಚಿಕೆಯಿಂದ ಮುಚ್ಚಿದೆಯೋ, ಅಜ್ಜಿ ಮುಚ್ಚಿದಳೋ ಗೊತ್ತಿಲ್ಲ. ಆದರೆ ಹಾಳೆಯನ್ನು ಹರಿದು ಒಲೆಗೆ ಹಾಕಲಿಲ್ಲ. ಮುಚ್ಚಿಟ್ಟಿರಿ, ಕಲ್ಲು ಹೊತ್ತಿರಿ. ಪಾದ್ರಿಯ ಕಾಗದ ಬರೀ ನಕಲು, ವಕೀಲರೆದುರು ಸಾಲದು; ಆ ಹಾಳೆ ಸಿಕ್ಕರೆ ಮೇಷ್ಟ್ರು ಎರಡೂ ಹೆಸರು ಹಾಕುತ್ತಾರೆ, ಜಮೀನ್ದಾರನದೂ ಗೋವನ್ನನದೂ. ಅವನು ಕಲ್ಲು ಮರಳಿ ಇಟ್ಟದ್ದನ್ನೂ ಹಾಕುತ್ತಾರೆ. ನೀನು ಬೇಡವೆಂದರೆ ಯಾವುದನ್ನೂ ಹಾಕುವುದಿಲ್ಲ. ನಿರ್ಧಾರ ನಿನ್ನದು. ಮೂರು ಸಾಲು ಹಾಗೇ ಉಳಿಯಬಹುದು. ಮನೆತನದ ಹೆಸರು ಉಳಿದೀತು, ಊರಿನದು ಹೋದೀತು.

ನಿನ್ನ ಹತ್ತಿರ ಇಷ್ಟು ದೊಡ್ಡದನ್ನು ಬಾಯಿಬಿಟ್ಟು ಹೇಳು ಎಂದು ಕೇಳುವಾಗ ನನ್ನದನ್ನು ಬಚ್ಚಿಟ್ಟುಕೊಂಡು ಕೂರುವುದು ಆಗುವುದಿಲ್ಲ. ಇಲ್ಲಿಂದ ಮುಂದಿನದನ್ನು ಅಪ್ಪನಿಗೆ ನಿಧಾನವಾಗಿ ಓದು.

ಎರಡು ಚಳಿಗಾಲದ ಹಿಂದೆ ಅಕ್ಟೋಬರಿನಲ್ಲಿ ಅಪ್ಪನ ದೋಣಿಯ ತಳದಲ್ಲಿ ಬಿಳಿ ಕಲ್ಲು ಸಿಕ್ಕಿತಲ್ಲ, ಅದನ್ನು ಇಟ್ಟವನು ಅಪ್ಪನ ದೋಣಿಯ ಜೊತೆಗಾರ ವಾಟಿ ಮೋವಟ್ ಅಲ್ಲ. ನಾನು.

ನಿನ್ನ ಬುಟ್ಟಿಯಿಂದಲೇ ಒಂದನ್ನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದೆ. ಸೋಮವಾರ ಬೆಳಗಾಗುವ ಮೊದಲು, ನೀನು ಗಾಳದ ಬುಟ್ಟಿಗೆ ಹುಲ್ಲು ಹಾಸುತ್ತಿದ್ದಾಗ, ಬಂದರಿಗೆ ಹೋಗಿ ತಳದ ಕಲ್ಲುಗಳ ಅಡಿಗೆ ತುರುಕಿದೆ. ಒಂದು ವಾರ ದೋಣಿ ಹೋಗಿ ಬರಲಿ, ಶನಿವಾರ ಎಲ್ಲರೆದುರು ಎತ್ತಿ ತೋರಿಸಿ ಈ ಭಯ ಸುಳ್ಳು ಎಂದು ಹೇಳೋಣ ಎಂಬುದು ನನ್ನ ಲೆಕ್ಕ. ಐದು ದಿನ ಹೋಯಿತು, ಐದು ದಿನವೂ ಬಂತು. ಆ ವಾರದಷ್ಟು ಹ್ಯಾಡಕ್ ಆ ವರ್ಷ ಸಿಗಲಿಲ್ಲ. ನಾನು ಗೆದ್ದಿದ್ದೆ.

ಶನಿವಾರ ನಾನು ಹೇಳುವ ಮೊದಲೇ ಅಪ್ಪನ ಕೈಗೆ ಕಲ್ಲು ಸಿಕ್ಕಿತು. ಅವನು ಕಿರುಚಾಡುತ್ತಾನೆ ಎಂದುಕೊಂಡಿದ್ದೆ. ಅವನು ದೋಣಿಯಿಂದ ಹತ್ತಿ ಬಂದು ಬಂದರಿನ ಗೋಡೆಯ ಮೇಲೆ ಕೂತ. ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡಿದ್ದ. "ನನ್ನನ್ನ ಮುಳುಗಿಸಬೇಕು ಅಂತ ಇದ್ದವರು ಯಾರು?" ಎಂದು ಕೇಳಿದ. ಸಿಟ್ಟಿನಿಂದಲ್ಲ. ದಾರಿ ಕೇಳುವವನ ಹಾಗೆ. ಕಲ್ಲಿಗೆ ದೋಣಿ ಮುಳುಗುವುದಿಲ್ಲ ಎಂದು ನಾನು ತೋರಿಸಿಕೊಟ್ಟಿದ್ದೆ. ಇಪ್ಪತ್ತು ವರ್ಷ ಜೊತೆಗೆ ದುಡಿದವರಲ್ಲಿ ಒಬ್ಬ ತನ್ನ ಸಾವು ಬಯಸಿದ ಎಂದು ಒಬ್ಬ ಮನುಷ್ಯನಿಗೆ ಅನ್ನಿಸಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಎಲ್ಲರೂ ವಾಟಿಯ ಕಡೆ ನೋಡಿದರು. ಇನ್ಯಾರನ್ನು ನೋಡುತ್ತಾರೆ? ಕಡಲ ಮೇಲೆ ಎತ್ತಬಾರದ ಹಂದಿಯ ಹೆಸರೆತ್ತಿ, ಉಳಿದವರೆಲ್ಲ ದೋಷ ಕಳೆಯಲು ಗಡಬಡಿಸಿ ಕಬ್ಬಿಣ ಮುಟ್ಟುವುದನ್ನು ನೋಡಿ ನಗುವವನು ಅವನೊಬ್ಬನೇ. ದೋಣಿ ಏರುವ ಮೊದಲು ಎದುರಾದರೆ ಅಪಶಕುನ ಎನ್ನುವ ಪಾದ್ರಿಗೇ ಕೈ ಬೀಸುವವನು. "ನಾನಲ್ಲ" ಎಂದು ಒಂದು ಸಲ ಹೇಳಿದ. ಅಪ್ಪ ಅವನ ಎಣ್ಣೆಬಟ್ಟೆಯ ಅಂಗಿಯನ್ನು ದೋಣಿಯಿಂದ ತೆಗೆದು ಗೋಡೆಯ ಮೇಲೆ ಇಟ್ಟ. ಅಷ್ಟೇ. ಮತ್ತೆ ಯಾವ ದೋಣಿಯವರೂ ಅವನನ್ನು ಕರೆಯಲಿಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಭಯವೇ ಬೇಡಿ ಎಂಬ ಆ ಕರಪತ್ರ ಜೇಬಿನಲ್ಲೇ ಇತ್ತು.

ನಾನು ಮನೆ ಬಿಟ್ಟದ್ದು ನಿನ್ನ ಬುಟ್ಟಿಯ ಜಗಳಕ್ಕೆ ಎಂದು ನೀನು ತಿಳಿದಿದ್ದೀಯ. ನಿಜ ಬೇರೆ. ಊಟಕ್ಕೆ ಕೂತಾಗ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಜಗಳ ಬೇಕಾಗಿತ್ತು, ನಿನ್ನ ಹತ್ತಿರ ಆಡಿದೆ.

ವಾಟಿ ಈಗ ಬರ್ವಿ ಸೇತುವೆಯ ಆಚೆ ರಸ್ತೆಗೆ ಜಲ್ಲಿ ಒಡೆಯುತ್ತಾನೆ. ಗಿರಣಿಗೆ ಹೋಗುವಾಗ ಅವನ ಸುತ್ತಿಗೆಯ ಸದ್ದು ಕೇಳಬಾರದೆಂದು ಹೊಳೆಯಂಚಿನ ದಾರಿ ಹಿಡಿಯುತ್ತೇನೆ. ಜಮೀನ್ದಾರನ ತಪ್ಪಿಗೆ ನೂರಿಪ್ಪತ್ತೈದು ವರ್ಷದ ಮೇಲೂ ಉತ್ತರ ಕೇಳುವ ನಾನು, ನನ್ನ ತಪ್ಪಿಗೆ ದಾರಿ ಬದಲಿಸುತ್ತೇನೆ. ಅಲೆಕ್ಸಾಂಡರ್ ಗೋವನ್ ನನಗಿಂತ ಒಳ್ಳೆಯವನು. ಜನ ನಗುವಾಗಲೂ ಬುಟ್ಟಿ ಹೊತ್ತ.

ಈ ಕಾಗದ ಮುಗಿಸಿ ನೇರ ವಾಟಿಯ ಹತ್ತಿರ ಹೋಗುತ್ತೇನೆ. ಏನಂದರೂ ಅನ್ನಿಸಿಕೊಳ್ಳುತ್ತೇನೆ. ಅಪ್ಪನ ಮುಂದೆಯೂ ನಿಲ್ಲುತ್ತೇನೆ, ಅವನು ಬಾಗಿಲು ತೆಗೆದರೆ.

ಈ ಶನಿವಾರ ಇಳಿತ ಮಧ್ಯಾಹ್ನಕ್ಕಿದೆ. ಸಣ್ಣ ಇಳಿತ, ಆದರೂ ದಿಣ್ಣೆಯ ಬುಡ ಕಾಣುತ್ತದೆ. ನೀನು ಹೇಗೂ ಬರುತ್ತೀಯ. ಬುಟ್ಟಿಯಲ್ಲಿ ಬೈಬಲ್ ಇಟ್ಟುಕೊಂಡು ಬಾ. ಇಡದೆ ಬಂದರೂ ಬಾ. ಗೂಡಿನಿಂದ ನೀರಿಗೆ ಇಳಿಯುವಾಗ ಬುಟ್ಟಿ ನನಗೆ ಕೊಡು. ನಾನೂ ಮಾತಾಡುವುದಿಲ್ಲ. ಆಮೇಲೆ ಬೇಕೆನಿಸಿದರೆ ನಾಲ್ಕರ ರೈಲಿಗೆ ಮೊದಲು ಇಬ್ಬರೂ ಮೇಷ್ಟ್ರ ಮನೆಗೆ ಹೋಗೋಣ. ಆ ನೀಲಿ ಕಾಗದವನ್ನು ಬಿಸಿನೀರಿನ ಹಬೆಗೆ ಹಿಡಿದರೆ ಹಾಳೆ ಹರಿಯದೆ ಬಿಡುತ್ತದೆ ಎನ್ನುತ್ತಾರೆ ಅವರು. ಬಿಡಿಸುವ ಕೈ ನಿನ್ನದಾಗಿರಲಿ.

ಹೊರಗೆ ಮಳೆ ಸುರಿಯುತ್ತಿದೆ. ಭಾನುವಾರ ಶಾಯಿ ಮುಟ್ಟಿದೆನೆಂದು ಮನೆಯೊಡತಿ ಬಾಗಿಲಾಚೆ ಪ್ರಾರ್ಥನೆ ಮಾಡುತ್ತಿದ್ದಾಳೆ, ನನಗೆ ಕೇಳಿಸುವ ಹಾಗೆ.

ನಿನ್ನ ಬುಟ್ಟಿಯನ್ನು ನೆಲಕ್ಕೆ ಹಾಕಿದವಳು, ನಿನ್ನ ಮಗಳು,
ಎಲ್ಸ್‌ಪೆಟ್ ಲೌನಿ

ಮರೆತ ಮಾತಲ್ಲ, ಆಗ ಗೊತ್ತಿರದ ಮಾತು: ಮೇಲಿನದನ್ನು ಬರೆದದ್ದು ಬೆಳಿಗ್ಗೆ. ಈಗ ಸಂಜೆ ಆರು. ವಾಟಿಯನ್ನು ನೋಡಿ ಬಂದೆ. ಒಲೆಯ ಮುಂದೆ ಕಾಲುಚೀಲ ಹೊಲಿಯುತ್ತ ಕೂತಿದ್ದ. ಎಲ್ಲ ಹೇಳಿದೆ. ಅವನು ಸೂಜಿಯಿಂದ ಕಣ್ಣೆತ್ತಲಿಲ್ಲ.

"ಗೊತ್ತಿತ್ತು ಕಣೇ" ಅಂದ. "ಅವತ್ತು ಬೆಳಿಗ್ಗೆ ನೀನು ಬಂದರಿಂದ ಓಡಿ ಬಂದಿದ್ದು ನೋಡಿದ್ದೆ. ಮೊಣಕಾಲವರೆಗೂ ಒದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಏನಂತ ಹೇಳೋದು? ನಿಮ್ಮಪ್ಪ 'ಯಾರು' ಅಂತ ಕೇಳಿದ್ದು ಹೇಗೆ ಅಂತ ನೋಡಿದ್ಯಲ್ಲ. ಜೊತೆಗಾರ ಹೋದ್ರೆ ಇನ್ನೊಬ್ಬ ಸಿಗ್ತಾನೆ. 'ನಿನ್ನ ಮಗಳೇ' ಅಂದಿದ್ರೆ ಆ ಮನುಷ್ಯ ಮತ್ತೆ ಕಡಲಿಗೆ ಇಳೀತಿದ್ನಾ?" ದಾರ ಹಲ್ಲಿನಲ್ಲಿ ಕಡಿದ. "ನೀನೇ ಬಾಯಿಬಿಡ್ತೀಯ ಅಂತ ಕಾದೆ. ಒಂದು ವಾರ ಅಂದ್ಕೊಂಡಿದ್ದೆ. ಓದಿದ ಹುಡುಗಿ, ನಿಧಾನ."

ಅವನಿಗೆ ಬೇಕಾದದ್ದು ಒಂದೇ. ಅಪ್ಪ ಅವನ ಅಂಗಿಯನ್ನು ಗೋಡೆಯ ಮೇಲೆ ಇಟ್ಟದ್ದು ಎಲ್ಲರೆದುರು. ಅದನ್ನು ಮರಳಿ ದೋಣಿಗೆ ಇಡುವುದೂ ಎಲ್ಲರೆದುರು ಆಗಬೇಕು. ಶನಿವಾರ ಅವನೂ ಗೂಡಿನ ಹತ್ತಿರ ಬರುತ್ತಾನೆ, ಅಂಗಿ ತೋಳ ಮೇಲೆ ಹಾಕಿಕೊಂಡು; ಅಪ್ಪ ಒಪ್ಪಿದರೆ ಆಮೇಲೆ ಎಲ್ಲರೂ ಬಂದರಿಗೆ ಹೋಗೋಣ. ಅಪ್ಪನನ್ನು ಕರೆದುಕೊಂಡು ಬಾ ಅಮ್ಮಾ. ಅವನು ಬರಲೊಲ್ಲೆ ಎಂದರೆ, ಅವತ್ತು ಅವನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಕಾಯುತ್ತಿದೆ ಎಂದು ಹೇಳು: ಯಾರೂ ಇಲ್ಲ ಅಪ್ಪಾ, ನೀನು ಮುಳುಗಬೇಕೆಂದು ಬಯಸಿದವರು ಯಾರೂ ಇರಲಿಲ್ಲ.

ಕೆಲ್‌ಹೇವನ್ನಿನ ಸುಣ್ಣದ ಗೂಡಿನ ಹತ್ತಿರ, ಶನಿವಾರ, ಮಾರ್ಚ್ ೨೪, ಮಧ್ಯಾಹ್ನ ಎರಡು ಗಂಟೆಗೆ.